ಏಳನೇ ಇನ್ನಿಂಗ್ಸಿನ ಮೌನ

"ಕಡಲೆಕಾಯಿ ಮಾರೋಳು ಇಷ್ಟು ಬಿಗಿ ಮುಖ ಮಾಡಿದ್ರೆ ಯಾರು ತಗೋತಾರೆ?" ಮೈದಾನದ ಬೇಲಿಯಾಚೆಯಿಂದ ಎಮೆಟ್ ಕೈ ಚಾಚಿದ.

"ಬಿಟ್ಟಿ ತಿನ್ನೋರಿಗೆ ಈ ಮುಖಾನೇ ಜಾಸ್ತಿ," ಎಂದಳು ನೊರೀನ್. ಆದರೂ ಬಿಸಿ ಪೊಟ್ಟಣ ಕೊಟ್ಟಳು.

ಅಯೋವಾದ ಆ ಸಣ್ಣ ಊರಿನ ಬೇಸ್‌ಬಾಲ್ ತಂಡಕ್ಕೆ ಎಮೆಟ್ ಪಿಚರ್, ಚೆಂಡೆಸೆಯುವವನು. ಇಂಥ ಸಣ್ಣ ಲೀಗುಗಳಲ್ಲೇ ಬಸ್ಸು ಹತ್ತಿ ಇಳಿದು ಸವೆದವನು. ದೊಡ್ಡ ತಂಡದಿಂದ ಕರೆ ಬಂದಿರಲೇ ಇಲ್ಲ.

"ಆಟ ಬಿಟ್ಟು ಇಲ್ಲೇ ಇದ್ಬಿಡ್ತೀನಿ. ನನ್ನ ಮದುವೆ ಆಗ್ತೀಯಾ?" ಅವಳ ಕಿವಿಯೋಲೆಯನ್ನೇ ನೋಡುತ್ತ ಕೇಳಿದ. "ಈಗ್ಲೇ ಹೇಳ್ಬೇಡ. ಇವತ್ತಿನ ಆಟದ ಏಳನೇ ಇನ್ನಿಂಗ್ಸಿಗೆ ಇಲ್ಲಿಗೇ ಬಾ. ಹೂಂ ಅಂದ್ರೆ ಸಾಕು."

ಹೂಂ ಎನ್ನಲು ಅವಳಿಗೆ ಅಷ್ಟು ಹೊತ್ತೂ ಬೇಕಿರಲಿಲ್ಲ. ಹಾಳು ಬಿಂಕ, ಸ್ವಲ್ಪ ಕಾಯಲಿ ಎಂದುಕೊಂಡಳು.

ಅಂದು ಚೆಂಡು ಅವನು ಹೇಳಿದಂತೆ ಕೇಳಿತು. ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಏಳನೆಯದು ಬಂದರೂ ಎದುರಾಳಿಗಳಿಗೆ ಒಂದೇ ಒಂದು ಹಿಟ್ ಸಿಕ್ಕಿರಲಿಲ್ಲ; ಚೆಂಡು ಬಾರಿಸಿ ಓಡಲು ಒಬ್ಬನಿಗೂ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ಪಿಚರನ್ನು ಯಾರೂ ಮಾತಾಡಿಸುವುದಿಲ್ಲ. ಮಾತಾಡಿಸಿದರೆ ಅದೃಷ್ಟ ಕೈಕೊಡುತ್ತದೆಂದು ಎಲ್ಲರ ನಂಬಿಕೆ. ಜತೆಗಾರರು ಬೆಂಚಿನ ತುದಿಯಲ್ಲಿ ಅವನನ್ನು ಒಂಟಿ ಬಿಟ್ಟಿದ್ದರು.

ನೊರೀನ್ ಬೇಲಿಯ ಬಳಿ ಬಂದಳು. ಅವನು ಟೋಪಿ ತೆಗೆದು ಎದ್ದು ಬಂದ. ಅವಳು ತುಟಿ ಕಚ್ಚಿ ಮುಖ ತಿರುಗಿಸಿ, "ಕಡಲೆಕಾಯ್!" ಎಂದು ಕೂಗುತ್ತ ಗ್ಯಾಲರಿಯ ಮೆಟ್ಟಿಲು ಹತ್ತಿಬಿಟ್ಟಳು. ಆಟ ಮುಗಿಯಲಿ, ಕುಣಿದಾಡಿ ಹೇಳುತ್ತೇನೆ ಎಂದುಕೊಂಡಿದ್ದಳು.

ಒಂದೂ ಹಿಟ್ ಕೊಡದೆ ಎಮೆಟ್ ಗೆದ್ದ. ಜನ ಚದುರುವ ಮೊದಲೇ ಮ್ಯಾನೇಜರ್ ಅವನನ್ನು ಕಾರಿಗೆ ಹತ್ತಿಸಿದ. ದೊಡ್ಡ ತಂಡಕ್ಕೆ ಮರುದಿನವೇ ಪಿಚರ್ ಬೇಕಾಗಿದ್ದ. ಎಮೆಟ್ ಒಮ್ಮೆ ಅವಳತ್ತ ನೋಡಿ ಮುಖ ತಿರುಗಿಸಿಕೊಂಡ. ಆಮೇಲೆ ಅವನ ಫೋನ್ ಬರಲಿಲ್ಲ, ಇವಳೂ ಬಿಗುಮಾನ ಬಿಡಲಿಲ್ಲ.

ವರ್ಷಗಳ ಮೇಲೆ ಭುಜ ಕೆಟ್ಟು, ಹುಡುಗರಿಗೆ ಎಸೆತ ಕಲಿಸಲು ಅವನು ಅದೇ ಊರಿಗೆ ಮರಳಿದಾಗ, ಈಗಲೂ ಕಡಲೆಕಾಯಿ ಮಾರುತ್ತಿದ್ದ ಅವಳ ಬೆರಳಲ್ಲಿ ಮದುವೆಯ ಉಂಗುರವಿತ್ತು. ಮನೆಯಲ್ಲಿ ಒಳ್ಳೆಯ ಗಂಡನಿದ್ದ.

"ಈಗಲೂ ಬಿಗಿ ಮುಖಾನೇ," ಎಂದ ಎಮೆಟ್, ಅದೇ ಬೇಲಿಯಾಚೆಯಿಂದ. ನಗಲು ಇಬ್ಬರಿಂದಲೂ ಆಗಲಿಲ್ಲ.

"ಅವತ್ತು ಮಾತಾಡಿದ್ರೆ ನಿನ್ನ ಆಟ ಕೆಡ್ತಿತ್ತು ಕಣೋ. ಅದಕ್ಕೇ ಸುಮ್ಮನಿದ್ದೆ."

ಅವನು ಎರಡೂ ಕೈಯಲ್ಲಿ ಬೇಲಿ ಹಿಡಿದ.

"ಅವತ್ತು ಯಾರೂ ನನ್ನ ಮಾತಾಡಿಸ್ಲಿಲ್ಲ, ನೊರೀನ್. ನೀನೊಬ್ಳು ಮಾತಾಡಿಸ್ತೀಯ ಅಂದ್ಕೊಂಡಿದ್ದೆ. ಆಟ ಹಾಳಾಗಿ ಹೋಗ್ಲಿ ಅಂತಿದ್ದೆ."

ಅವಳು ಕಡಲೆಕಾಯಿಯ ಒಂದು ಪೊಟ್ಟಣವನ್ನು ಅವನ ಕೈಗಿಟ್ಟಳು.

"ಹೂಂ," ಎಂದಳು. ಅಂದು ಹೇಳಬೇಕಾಗಿದ್ದುದನ್ನು ಅಷ್ಟು ಮೆಲ್ಲಗೆ ಹೇಳಿ, ಮೆಟ್ಟಿಲು ಹತ್ತಿ ಹೋದಳು.