ಲೂನಾ ನೋಡಲು ಬಂದವನು

"ಲೂನಾ ನೋಡೋಕೆ ಬಂದೆ," ಎಂದ ಶಾಕಿರ್, ಬಾಗಿಲಲ್ಲೇ ನಿಂತು.

ಮದ್ದೂರಿನ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯ ಆ ಮನೆಯೊಳಗೆ ಒಮ್ಮೆಲೇ ಗಡಿಬಿಡಿಯಾಯಿತು. ಮೆಕ್ಯಾನಿಕ್ ದಸ್ತಗೀರ್ ಸಾಹೇಬರು ಲುಂಗಿ ಸರಿಮಾಡಿಕೊಂಡು ಎದ್ದರು. ಅವರ ತಂಗಿ ಜಾಕಿಯಾ ತಲೆಗೆ ಸೆರಗು ಎಳೆದುಕೊಂಡು ಅಡುಗೆಮನೆಗೆ ಓಡಿದಳು. ಕುರ್ಚಿ ಬಂತು, ಫ್ಯಾನ್ ತಿರುಗಿತು, ಗಾಜಿನ ಲೋಟದಲ್ಲಿ ಗುಲಾಬಿ ಶರಬತ್ತು ಬಂತು.

ಹಳೇ ಮೊಪೆಡ್ ನೋಡಲು ಬಂದವನಿಗೆ ಇಷ್ಟು ಉಪಚಾರವೇ? ಶಾಕಿರ್‌ಗೆ ಆಶ್ಚರ್ಯ. ಅವನದು ಮಳವಳ್ಳಿಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಅಂಗಡಿ. ಸಾಮಾನು ತರಲು ಮದ್ದೂರಿಗೆ ಬಂದಾಗ ಗೆಳೆಯ ಸಿದ್ದರಾಜು ಹೇಳಿದ್ದ: "ದಸ್ತಗೀರ್ ಸಾಬ್ರ ಮನೇಲಿ ಒಂದು ಲೂನಾ ಅದೆ ಕಣ್ಲಾ. ಸುಮ್ನೆ ನಿಂತದೆ. ಒಬ್ಬ ಉಡ್ಗ ಲೂನಾ ನೋಡಕ್ ಬತ್ತಾನೆ ಅಂತ ನಾನೇ ಫೋನ್ ಮಾಡಿರ್ತೀನಿ, ನೀ ಓಗು."

"ಮನೆಯವ್ರು ಯಾರೂ ಬರ್ಲಿಲ್ವಾ?" ಸಾಹೇಬರು ಕೇಳಿದರು.

"ಮೊದಲು ನಾನೊಬ್ಬನೇ ನೋಡ್ಕೊಂಡು ಹೋಗೋಣ ಅಂತ."

"ಒಳ್ಳೇದೇ ಆಯ್ತು. ನಮ್ಮಲ್ಲೂ ಮುಚ್ಚುಮರೆ ಇಲ್ಲ ಕಣಪ್ಪ. ಇಪ್ಪತ್ಮೂರು ವರ್ಷ ಆಯ್ತು."

"ಪರವಾಗಿಲ್ಲ ಸಾಹೇಬ್ರೆ. ಈಗ ಸಿಗೋದೇ ಕಷ್ಟ. ವರ್ಷ ಎಲ್ಲಿ ನೋಡೋಕಾಗುತ್ತೆ?"

ಸಾಹೇಬರ ಮುಖ ಅರಳಿತು. ಪರದೆಯ ಹಿಂದೆ ಬಳೆ ಸದ್ದಾಯಿತು. ಗೋಡಂಬಿ ತಟ್ಟೆ ಹಿಡಿದು ಜಾಕಿಯಾ ಬಂದಳು.

"ಒಂದು ಮಾತು ಮೊದಲೇ ಹೇಳಿಬಿಡ್ತೀನಿ," ಶಾಕಿರ್ ಲೋಟ ಕೆಳಗಿಟ್ಟ. "ಲೂನಾ ಬೇಕಾಗಿರೋದು ನನಗಲ್ಲ. ನಮ್ಮ ಅಬ್ಬಾಗೆ."

ಜಾಕಿಯಾಳ ಕೈಯ ತಟ್ಟೆ ವಾಲಿ ಗೋಡಂಬಿಗಳು ಒಂದೊಂದಾಗಿ ನೆಲಕ್ಕೆ ಉದುರಿದವು.

"ಯಾರಿಗೆ ಅಂದ್ರಿ?" ಸಾಹೇಬರು ಕಿವಿ ಮುಂದೆ ಮಾಡಿದರು.

"ಅಬ್ಬಾಗೆ. ಅಮ್ಮಿ ಹೋದ ಮೇಲೆ ಮನೇಲೇ ಕೂತುಬಿಟ್ಟಿದ್ದಾರೆ. ಮೊಣಕಾಲು ನೋವು ಬೇರೆ. ಒಂದು ಲೂನಾ ಅಂತ ಇದ್ರೆ ಮಸೀದಿಗೆ, ಮಾರ್ಕೆಟ್ಟಿಗೆ ಹೋಗ್ತಾ ಬರ್ತಾ ಖುಷಿಯಾಗಿರ್ತಾರೆ."

ಪರದೆ ಸರ್ರನೆ ಸರಿಯಿತು. ಹಸಿರು ದುಪಟ್ಟಾ, ಮೂಗಿನ ತುದಿ ಕೆಂಪು, ಕಣ್ಣಲ್ಲಿ ಕೆಂಡ.

"ನಿಮ್ಮ ಅಬ್ಬಾಗೆ ನಾಚಿಕೆ ಅನ್ನೋದು ಇದೆಯಾ ಕೇಳ್ಕೊಂಡು ಬನ್ನಿ. ನಿಮಗಂತೂ ಇಲ್ಲ."

"ಯಾಕ್ರೀ?" ಶಾಕಿರ್ ತಬ್ಬಿಬ್ಬಾದ. "ಆ ವಯಸ್ಸಲ್ಲಿ ಎಷ್ಟೋ ಜನ ಲೂನಾ ಇಟ್ಕೊಂಡಿಲ್ವಾ?"

"ನಾನೇ ಕಣ್ರೀ ಲೂನಾ!"

ಅಷ್ಟು ಹೊತ್ತು ತಾನು ಆಡಿದ ಒಂದೊಂದು ಮಾತೂ ತಿರುಗಿ ಬಂದು ಕಿವಿಯಲ್ಲಿ ಬಿದ್ದಂತಾಗಿ ಶಾಕಿರ್‌ನ ಬಾಯಿ ತೆರೆದೇ ಉಳಿಯಿತು. "ಗಾಡಿ..." ಎಂದ. "ಮೊಪೆಡ್ಡು... ಪೆಡಲ್ ಇರುತ್ತಲ್ಲ..." ಎಂದು ಕೂತಲ್ಲೇ ಎರಡು ಕಾಲೂ ತುಳಿದು ತೋರಿಸಿದ.

ಮೊದಲು ನಕ್ಕವಳು ಅವಳೇ. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಮುಚ್ಚುತ್ತಿತ್ತು. ಆ ಸಂಕಟದಲ್ಲೂ ಅವನು ಅದನ್ನು ಗಮನಿಸಿದ.

ಸಾಹೇಬರು ಮಗಳಿಗೆ ಗಂಡು ಹುಡುಕುತ್ತಿದ್ದರು. ಸಿದ್ದರಾಜುವಿನ ಫೋನು ಅವರಿಗೆ ಬೇರೆಯದೇ ರೀತಿ ಕೇಳಿಸಿತ್ತು. ನಗು ನಿಂತ ಮೇಲೆ ಅವರು ಹಿತ್ತಿಲಿಗೆ ಕರೆದೊಯ್ದು ಟಾರ್ಪಾಲು ಸರಿಸಿದರು. ಕೆಂಪು ಬಣ್ಣ ಮಾಸಿದ ಮೊಪೆಡ್ ನಿಂತಿತ್ತು.

"ನೋಡು. ಆದ್ರೆ ಕೊಡಾಕಿಲ್ಲ," ಎಂದರು. "ಕಾವೇರಿ ಗಲಾಟೆ ಟೈಮು. ರೋಡ್ ತುಂಬ ಟೈರ್ ಸುಟ್ಟವ್ರೆ. ಬಸ್ಸಿಲ್ಲ, ಆಟೋ ಇಲ್ಲ. ವೈದ್ಯನಾಥಪುರದಲ್ಲಿ ನನ್ನ ಹೆಂಡ್ತಿ ಮಾಹೀನ್‌ಗೆ ನೋವು ಸುರುವಾಯ್ತು. ಇದರ ಮೇಲೇ ಕೂರಿಸ್ಕಂಡು ಬಂದೆ. ಚಳವಳಿ ಹೈಕಳೇ ಕಲ್ಲು ಎತ್ತಿ ದಾರಿ ಬುಟ್ರು. ಅರ್ಧ ದಾರೀಲಿ ಪೆಟ್ರೋಲ್ ಖಾಲಿ. ಪೆಡಲ್ ತುಳ್ಕಂಡೇ ಆಸ್ಪತ್ರೆ ಮುಟ್ಟಿಸ್ದೆ. ಮಗು ಕೈಗೆ ಬಂದ ತಕ್ಷಣ ಮಾಹೀನ್ ಅಂದ್ಲು, ಇವಳ ಹೆಸರು ಲೂನಾ ಅಂತ."

ಮಾಹೀನ್ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮೊಪೆಡ್ಡಿನ ಸೀಟಿನ ಮೇಲೆ ಧೂಳಿರಲಿಲ್ಲ.

*

ಲೂನಾ ಮದ್ದೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರ್ ನೋಡುವ ಕೆಲಸದಲ್ಲಿದ್ದಳು. ಮುಂದಿನ ವಾರವೇ ಶಾಕಿರ್ ತನ್ನ ಅಬ್ಬಾ ಮುಕರ್ರಂ ಅವರನ್ನು ಅಲ್ಲಿಗೆ ಕರೆತಂದ.

"ಮಳವಳ್ಳೀಲಿ ಕಣ್ಣಿನ ಡಾಕ್ಟ್ರು ಇಲ್ವಾ?" ಎಂದಳು, ತಲೆ ಎತ್ತದೆ.

"ಇದ್ದಾರೆ. ಆದ್ರೆ ಅಲ್ಲಿ ಸರಿಯಾಗಿ ನೋಡಲ್ಲ."

"ನನ್ನ ಕಣ್ಣು ಚೆನ್ನಾಗೇ ಇದೆ ಮಗಳೇ," ಎಂದರು ಮುಕರ್ರಂ. ಒಂದು ಕಾಲದಲ್ಲಿ ಕಿರುಗಾವಲು ಸುತ್ತಮುತ್ತ ಲೂನಾ ಮೇಲೆ ಬಳೆ ಮಾರಿದ ಮನುಷ್ಯ. ಮಾತಿಗೆ ಬಿಗಿ ಇರಲಿಲ್ಲ. "ಇವನದ್ದೇ ಕೆಟ್ಟಿರೋ ಹಾಗಿದೆ. ಇವನನ್ನೇ ನೋಡು."

ಅವಳು ಶಾಕಿರ್‌ನನ್ನು ಕೂರಿಸಿ, ಮೂಗಿನ ಮೇಲೆ ಭಾರದ ಫ್ರೇಮ್ ಇಟ್ಟು, ಒಂದೊಂದೇ ಗಾಜು ಸೇರಿಸಿದಳು. ಅವಳ ಬೆರಳು ಒಮ್ಮೆ ಅವನ ಕಿವಿಯ ಮೇಲ್ಭಾಗಕ್ಕೆ ತಾಗಿತು. ಅವನು ಉಸಿರು ಹಿಡಿದ.

"ಈಗ?"

"ಮಂಜು ಮಂಜು."

"ಈಗ?"

"ಈಗ ತುಂಬಾ ಚೆನ್ನಾಗಿ ಕಾಣ್ತಿದೆ."

"ಬೋರ್ಡ್ ನೋಡಿ ಹೇಳಿ ಅಂದಿದ್ದು."

ಅವನ ಕಿವಿಯ ತುದಿ ಕೆಂಪಾಯಿತು. ಅವಳು ತುಟಿ ಕಚ್ಚಿಕೊಂಡು ಇನ್ನೊಂದು ಗಾಜು ಹುಡುಕುವ ನೆಪದಲ್ಲಿ ಪೆಟ್ಟಿಗೆಯ ಕಡೆ ತಿರುಗಿದಳು.

"ಅಮ್ಮಿ ಹೆಸರೇನು ಮಗಳೇ?" ಮುಕರ್ರಂ ಕೇಳಿದರು. ಮಾಹೀನ್ ಎಂದಾಗ ಮುದುಕರು ಮೆಲ್ಲಗೆ ತಲೆಯಾಡಿಸಿದರು. "ಮಾಹ್ ಅಂದ್ರೆ ಚಾಂದ್, ಚಂದ್ರ."

ಲೂನಾಳ ಕೈ ಅಲ್ಲೇ ನಿಂತಿತು. "ನನ್ನ ಹೆಸರೂ ಅದೇ," ಎಂದಳು ನಿಧಾನಕ್ಕೆ. "ಸ್ಕೂಲಲ್ಲಿ ಎಲ್ಲರೂ ಪೆಡಲ್ ಅಂತ ಗೋಳು ಹುಯ್ಕೊಳ್ತಿದ್ರು. ಕಾಲೇಜಿಗೆ ಬಂದ ಮೇಲೆ ಇಂಗ್ಲಿಷ್ ಮೇಡಂ ಹೇಳಿದ್ರು, ರೋಮಿನವರು ಚಂದ್ರನನ್ನ ಹೆಣ್ಣುದೇವತೆ ಅಂತ ಪೂಜೆ ಮಾಡ್ತಿದ್ರು, ಅವಳ ಹೆಸರು ಲೂನಾ ಅಂತೆ. ಜೋಡಿ ಕುದುರೆ ರಥದಲ್ಲಿ ಆಕಾಶ ಸುತ್ತುತ್ತಾಳಂತೆ. ಅಮ್ಮಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದಿದ್ದು ಗಾಡಿ ಅಷ್ಟೇ." ಗೊತ್ತಿಲ್ಲದೆಯೇ ಅಮ್ಮಿ ತನ್ನ ಹೆಸರನ್ನೇ ಮಗಳಿಗೂ ಕೊಟ್ಟಿದ್ದಳು ಎಂಬುದು ಆ ಕ್ಷಣ ಹೊಳೆದು, ಅವಳ ಕಣ್ಣು ತುಂಬಿತು. ತಕ್ಷಣ ನಕ್ಕಳು. "ಹುಚ್ಚು ಹಿಡಿದವರಿಗೆ ಇಂಗ್ಲಿಷಲ್ಲಿ ಲೂನಟಿಕ್ ಅನ್ನೋದೂ ಇದೇ ಹೆಸರಿಂದ ಬಂದಿದ್ದು."

"ಹಾಗಾದ್ರೆ ಅದು ನನಗೆ ಇರಲಿ," ಎಂದ ಶಾಕಿರ್, ಫ್ರೇಮಿನ ಹಿಂದಿನಿಂದ.

ಆಮೇಲೆ ಅವನ ಹೊಸ ಕನ್ನಡಕದ ಸ್ಕ್ರೂ ಪದೇಪದೇ ಸಡಿಲವಾಗತೊಡಗಿತು. ಹೊಲಿಗೆ ಮೆಷಿನ್ ಬಿಚ್ಚಿ ಜೋಡಿಸುವವನಿಗೆ ಅಷ್ಟು ಚಿಕ್ಕ ಸ್ಕ್ರೂ ಬಿಗಿ ಮಾಡಲು ಬರುವುದಿಲ್ಲವೇ ಎಂದು ಅವಳೂ ಕೇಳಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಮಾತಾಡುತ್ತ ನಡೆಯುವುದು ಇಬ್ಬರಿಗೂ ಅಭ್ಯಾಸವಾಯಿತು.

*

ಒಂದು ಸಂಜೆ ಅವಳು ದಾರಿಯುದ್ದಕ್ಕೂ ಅವನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಮಳವಳ್ಳಿ ಬಸ್ಸು ಬಂದು ನಿಂತ ಮೇಲೆ ಹೇಳಿದಳು.

"ಮೈಸೂರಿನವರು ನನ್ನ ನೋಡೋಕೆ ಬಂದಿದ್ರು. ಒಪ್ಪಿದ್ದಾರೆ. ಮುಂದಿನ ತಿಂಗಳಿಂದ ನನ್ನ ಹೆಸರು ನೂರ್ ಜಬೀನ್ ಅಂತೆ."

ಬಸ್ಸಿನ ಕಂಬಿಗೆ ಚಾಚಿದ್ದ ಕೈಯನ್ನು ಶಾಕಿರ್ ಹಿಂತೆಗೆದ.

"ಹುಡುಗನ ದೊಡ್ಡಮ್ಮ ಹೇಳಿದ್ರು, ಗಾಡಿ ಹೆಸರು, ಸಾಲದ್ದಕ್ಕೆ ಯಾವುದೋ ದೇಶದ ದೇವತೆ ಹೆಸರು, ಮದುವೆ ಕಾರ್ಡಲ್ಲಿ ಹಾಕಿಸೋಕಾಗುತ್ತಾ ಅಂತ. ಅದಕ್ಕೆ ನನಗೆ ಬೇಜಾರಾಗಲಿಲ್ಲ. ಅಬ್ಬಾ ಬೇಡ ಅಂತಾರೆ ಅಂದ್ಕೊಂಡಿದ್ದೆ. ಅಬ್ಬಾ 'ಆಗಲಿ' ಅಂದುಬಿಟ್ರು. ನನ್ನ ಮುಖಾನೂ ನೋಡಲಿಲ್ಲ."

ಅವಳು ಅವನನ್ನೇ ನೋಡುತ್ತಿದ್ದಳು. ಅವನ ತಲೆಯಲ್ಲಿ 'ಮದುವೆ' ಎಂಬ ಒಂದೇ ಪದ ಗುಯ್‌ಗುಡುತ್ತಿತ್ತು. ಏನಾದರೂ ಹೇಳಬೇಕು. ಬಾಯಿಗೆ ಬಂದದ್ದು ಇದು:

"ನೂರ್ ಅಂದ್ರೂ... ಬೆಳಕೇ ಅಲ್ವಾ?"

ಹೊಡೆತ ತಿಂದವಳಂತೆ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನೀವೂನಾ?" ಎಂದಳು. ತಿರುಗಿ ನೋಡದೆ ಹೊರಟುಹೋದಳು.

ಮನೆಯಲ್ಲಿ ಅವನು ಅನ್ನ ಮುಟ್ಟಲಿಲ್ಲ. ಮುಕರ್ರಂ ವಿಷಯ ಕೇಳಿ ತಟ್ಟೆಯನ್ನು ಮತ್ತೆ ಅವನ ಕಡೆಗೇ ತಳ್ಳಿದರು.

"ನೂರ್ ಅಂದ್ರೆ ಬೆಳಕೇ. ಆ ಹುಡುಗಿ ಅರ್ಥ ಕೇಳೋಕೆ ಬಂದಿದ್ಲಾ, ಬೇವಕೂಫ್?"

*

ಮಾರನೆಯ ದಿನ ಶಾಕಿರ್ ಅಂಗಡಿ ತೆರೆಯದೆ ಮದ್ದೂರಿನ ಬಸ್ಸು ಹತ್ತಿದ. ದಸ್ತಗೀರ್ ಸಾಹೇಬರು ಗ್ಯಾರೇಜಿನಲ್ಲಿ ಒಂದು ಜೀಪಿನ ಕೆಳಗೆ ಮಲಗಿದ್ದರು. ಹೊರಗೆ ಕಾಣುತ್ತಿದ್ದ ಎರಡು ಪಾದಗಳಿಗೇ ಅವನು ಹೇಳಿಬಿಟ್ಟ:

"ಸಾಹೇಬ್ರೆ, ನಿಮ್ಮ ಮಗಳನ್ನ ನನಗೆ ಕೊಡಿ. ಹೆಸರು ಬದಲಾಯಿಸಬೇಡಿ. ನನಗೆ ಅವರು ಹೇಗಿದ್ದಾರೋ ಹಾಗೇ ಬೇಕು."

ಸ್ಪ್ಯಾನರಿನ ಸದ್ದು ನಿಂತಿತು. ಸಾಹೇಬರು ಹೊರಗೆ ಸರಿದು ಬಂದು, ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡರು.

"ನೆನ್ನೆ ಬರ್ಬಾರದಾಗಿತ್ತಾ? ಈಗ್ತಾನೆ ಮೈಸೂರಿನವ್ರಿಗೆ ಫೋನ್ ಮಾಡ್ದೆ."

ಶಾಕಿರ್ ಬಾಗಿಲ ಕಡೆ ತಿರುಗಿದ.

"ಬೇಡ ಅಂತ ಯೋಳ್ದೆ ಕಣಪ್ಪ," ಎಂದರು ಸಾಹೇಬರು. "ತಾಯಿ ಇಲ್ಲದ ಉಡುಗಿ, ಒಳ್ಳೆ ಮನೆ ತಪ್ಪೋದ್ರೆ ಅಂತ ಎದ್ರಿಕೊಂಡು ಒಪ್ಕಂಡಿದ್ದೆ. ಬೆಳಗ್ಗೆ ಚಾ ಕೇಳಾಕೆ, ಅಭ್ಯಾಸ ಆಗ್ಲಿ ಅಂತ, 'ನೂರ್ ಜಬೀನ್' ಅಂತ ಕೂಗ್ದೆ. ಅವಳು ಬಂದು ಲೋಟ ಇಟ್ಟು, ಮಾತಾಡ್ದೆ ಒಂಟೋದ್ಲು. ಯಾರ್ದೋ ಮನೆ ಮಗಳನ್ನ ಕರೆದಂಗಾಯ್ತು. ಆ ಚಾ ಕುಡಿಯಾಕಾಗ್ಲಿಲ್ಲ ನಂಗೆ." ಅವರು ಮೂಗು ಒರೆಸಿಕೊಂಡರು. "ನನ್ನ ಕೇಳ್ಬೇಡ. ಅವಳನ್ನೇ ಕೇಳು, ಅಗೋ ಬಂದ್ಲು."

ಊಟದ ಕ್ಯಾರಿಯರ್ ಹಿಡಿದು ಲೂನಾ ಬಾಗಿಲಲ್ಲಿ ನಿಂತಿದ್ದಳು. ಅವನನ್ನು ಅಲ್ಲಿ ಕಂಡು ಕಣ್ಣು ಅರಳಿಸಿದಳು, ಕೂಡಲೇ ಬೇರೆ ಕಡೆ ನೋಡಿದಳು.

"ನೆನ್ನೆ ಅಂದಿದ್ದು ತಪ್ಪಾಯ್ತು," ಎಂದ ಶಾಕಿರ್. "ನಿಮ್ಮ ಮದುವೆ ಅಂತ ಕೇಳಿ ತಲೆ ಓಡಲಿಲ್ಲ."

"ಸರಿ."

"ಇನ್ನೊಂದು ಹೇಳಬೇಕು. ಆವತ್ತು ಅಷ್ಟೊಂದು ನಗೆಪಾಟಲಾದ ಮೇಲೆ ನಿಮ್ಮನ್ನ ಒಂದು ಸಲಾನೂ ಹೆಸರು ಹಿಡಿದು ಕರೆದಿಲ್ಲ. 'ರೀ', 'ನೋಡಿ' ಅಂತಲೇ ಕಾಲ ಕಳೆದೆ."

"ಗೊತ್ತು. ಯಾವತ್ತು ಕರೀತೀರೋ ಅಂತ ಕಾಯ್ತಿದ್ದೆ."

"ನನ್ನ ಅಂಗಡೀಲಿ ಒಬ್ಬನೇ ಇರೋವಾಗ ದಿನಾ ಕರೀತಾ ಇರ್ತೀನಿ."

ಅವಳು ತಲೆ ಎತ್ತಿದಳು. ನಂಬಲಾಗದವಳಂತೆ ಅವನ ಮುಖವಿಡೀ ಹುಡುಕಿದಳು. ಕೆನ್ನೆ ಬಿಸಿಯಾದದ್ದು ಅವಳಿಗೇ ತಿಳಿಯುತ್ತಿತ್ತು.

"ಈಗ ಕರೀರಿ."

"ನಿಮ್ಮ ಅಬ್ಬಾ ಇದ್ದಾರೆ."

"ನಂಗೇನೂ ಕೇಳ್ಸಾಕಿಲ್ಲ ಬುಡಪ್ಪ," ಎನ್ನುತ್ತ ಸಾಹೇಬರು ಮತ್ತೆ ಜೀಪಿನ ಕೆಳಗೆ ಸರಿದರು.

"ಲೂನಾ," ಎಂದ ಶಾಕಿರ್. "ಲೂನಾ, ನನ್ನ ಮದುವೆ ಆಗ್ತೀಯಾ?"

ಅವಳು ಬೆಂಚಿನ ಮೇಲೆ ಕೂತು ಕ್ಯಾರಿಯರ್ ಬಿಚ್ಚಿದಳು. ಮುಚ್ಚಳದಲ್ಲಿ ಅನ್ನ ಹಾಕಿ, ಮೇಲೆ ಬಿಸಿ ಬಸ್ಸಾರು ಸುರಿದು, ಅವನ ಕೈಗೆ ಕೊಟ್ಟಳು.

"ತಣ್ಣಗಾಗುತ್ತೆ," ಎಂದಳು. "ತಿನ್ನು."

'ತಿನ್ನಿ' ಅನ್ನಲಿಲ್ಲ, 'ತಿನ್ನು' ಅಂದಳು. ಶಾಕಿರ್ ಮುಚ್ಚಳ ಹಿಡಿದುಕೊಂಡು, ತುತ್ತು ಎತ್ತುವುದನ್ನೂ ಮರೆತು ಅವಳನ್ನೇ ನೋಡುತ್ತ ಕೂತ.

"ನಂಗೂ ಒಸಿ ಉಳ್ಸಮ್ಮ," ಎಂದಿತು ಜೀಪಿನ ಕೆಳಗಿನಿಂದ ಒಂದು ಒದ್ದೆ ದನಿ.