ಒಬ್ಬರೇ ಸೇವ್ ಮಾಡುವಂತಿಲ್ಲ

ಕಾಲು ಮುರಿದುಕೊಂಡವರಿಗೆ ಸಿಟ್ಟು ಸ್ವಲ್ಪ ಜಾಸ್ತಿ ಬರುತ್ತದೆ ಎಂದು ಅಕ್ಕ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ತಂಗಿಯ ಪರವಾಗಿ ಹೇಳಿದ ಸುಳ್ಳದು. ಕಾಲು ನೆಟ್ಟಗಿದ್ದಾಗಲೂ ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಅವಳ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಡೆಂಟಿಸ್ಟುಗಳು ಕಳಿಸುವ ಅಚ್ಚು ನೋಡಿ ಪಿಂಗಾಣಿಯಲ್ಲಿ ಹಲ್ಲು ಮಾಡುವುದು, ಪಕ್ಕದ ಹಲ್ಲಿಗೆ ಹೊಂದುವಂತೆ ಬಣ್ಣ ಕೊಡುವುದು. ಲ್ಯಾಬಿನ ಮೆಟ್ಟಿಲಲ್ಲಿ ಜಾರಿ ಪಾದದ ಮೂಳೆ ಬಿರುಕು ಬಿಟ್ಟು, ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತಿದ್ದಳು. ಅವಳ ಗೊಣಗಾಟ ತಡೆಯಲಾರದೆ ಅಕ್ಕ ಬೀರುವಿನ ಮೇಲಿದ್ದ ರಟ್ಟಿನ ಡಬ್ಬ ಇಳಿಸಿಕೊಟ್ಟಳು.

ಡಬ್ಬದ ತುಂಬ ಹಳೆಯ ವಿಡಿಯೋ ಗೇಮುಗಳು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಆಸೆಪಟ್ಟು ಕೊಂಡು, ಆಮೇಲೆ ಆಡೋಣ ಎಂದು ಎತ್ತಿಟ್ಟವು. ಅರ್ಧ ಆಡಿ ಬಿಟ್ಟವೂ ಇದ್ದವು. ಈಗಲಾದರೂ ಎಲ್ಲವನ್ನೂ ಮುಗಿಸಿಬಿಡಬೇಕೆಂದು ಅವಳು ಹಟ ಹಿಡಿದು ಕೂತಳು.

ವಿಮಾನದ ಆಟದಲ್ಲಿ ಆಗ ಅಷ್ಟು ಚೆಂದ ಕಂಡಿದ್ದ ಸಮುದ್ರ, ಈಗ ನೋಡಿದರೆ ನಾಲ್ಕು ನೀಲಿ ಚೌಕ. ಕಾರ್ ರೇಸಿನ ರಸ್ತೆ ಪಕ್ಕದಲ್ಲಿ ಚಪ್ಪಾಳೆ ತಟ್ಟುವ ಜನರೆಲ್ಲ ರಟ್ಟಿನ ಗೊಂಬೆಗಳು. ಆದರೂ ಬೆರಳು ಮರೆತಿರಲಿಲ್ಲ. ಬ್ರೇಕ್ ಒತ್ತಬೇಕೆಂದು ತಲೆಗೆ ಹೊಳೆಯುವ ಮೊದಲೇ ಹೆಬ್ಬೆರಳು ಒತ್ತಿರುತ್ತಿತ್ತು. ಕತ್ತಿಯ ಆಟದ ಕೊನೆಯ ರಾಕ್ಷಸ, ಹಿಂದೊಮ್ಮೆ ಅವಳನ್ನು ಅಳಿಸಿಯೇ ಬಿಟ್ಟಿದ್ದವನು, ಈ ಸಲ ಎರಡೇ ಏಟಿಗೆ ಮಗುಚಿ ಬಿದ್ದ. ಗೆದ್ದ ಖುಷಿಗಿಂತ, ಇವನಿಗಾ ನಾನು ಅತ್ತದ್ದು ಎಂಬ ಸಿಟ್ಟೇ ಹೆಚ್ಚು ಬಂತು.

ಕೊನೆಗೆ ಉಳಿದದ್ದು ತೋಟದ ಆಟ. ಅದನ್ನು ಬೇಕೆಂದೇ ಕೊನೆಗೆ ಬಿಟ್ಟಿದ್ದಳು.

ಅದು ಅವಳೊಬ್ಬಳ ಆಟವಾಗಿರಲಿಲ್ಲ. ಆರು ವರ್ಷದ ಹಿಂದೆ ಪ್ರತಿ ಭಾನುವಾರ ಪಕ್ಕದಲ್ಲಿ ಒಬ್ಬ ಕೂರುತ್ತಿದ್ದ. ಲಿಫ್ಟ್ ರಿಪೇರಿ ಮಾಡುವವನು. ಇಬ್ಬರೂ ಸೇರಿ ಆ ಪುಟ್ಟ ಪರದೆಯಲ್ಲಿ ನೆಲ ಅಗೆದು, ಬೀಜ ಹಾಕಿ, ನೀರು ಹನಿಸಿ ಒಂದು ತೋಟ ಮಾಡಿದ್ದರು. ಬೇಲಿಯ ಮೂಲೆಯಲ್ಲಿ ಒಂದು ಸೇಬಿನ ಸಸಿ. ಆ ಸಸಿ ಹಣ್ಣು ಬಿಟ್ಟ ದಿನ ಮನೆಯಲ್ಲಿ ತಮ್ಮಿಬ್ಬರ ಮದುವೆಯ ವಿಷಯ ಹೇಳಿಬಿಡೋಣ ಎಂದು ಮಾತಾಗಿತ್ತು. ಅವಳು ಇನ್ನೊಂದು ನಿಯಮವನ್ನೂ ಹಾಕಿದ್ದಳು: ಈ ಆಟವನ್ನು ಒಬ್ಬರೇ ಸೇವ್ ಮಾಡುವಂತಿಲ್ಲ. ತೋಟ ಒಂದು ದಿನ ಮುಂದಕ್ಕೆ ಹೋಗಬೇಕಾದರೂ ಇಬ್ಬರೂ ಇರಬೇಕು.

ಆಟದ ಲೆಕ್ಕದಲ್ಲಿ ಹಣ್ಣಿಗೆ ಇನ್ನೊಂದೇ ವಾರ ಉಳಿದಿತ್ತು. ಒಂದು ಮಧ್ಯಾಹ್ನ ಕೂತರೆ ಮುಗಿಯುವ ಆಟ. ಆ ಭಾನುವಾರ ಅವನು ಬರಬೇಕಿತ್ತು. ಅಮ್ಮ ಪಕ್ಕದ ಕೋಣೆಯಲ್ಲೇ ಇದ್ದಳು. ಅವನು ಬರಲಿಲ್ಲ.

ಆ ನೆನಪನ್ನು ಹಲ್ಲು ಕಚ್ಚಿ ನುಂಗಿಕೊಂಡು ಅವಳು ಮೆಮೊರಿ ಕಾರ್ಡ್ ಸಿಕ್ಕಿಸಿದಳು. ಆಡಿದ್ದೆಲ್ಲ ಉಳಿಯುವುದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಬೂದು ತುಂಡಿನಲ್ಲೇ. ಪರದೆಯ ಮೇಲೆ ಪಟ್ಟಿ ಬಂತು. ತೋಟ ಇರಲಿಲ್ಲ. ಬದಲಿಗೆ ಬೇರೆ ಏನೇನೋ ಆಟಗಳು, ಎಲ್ಲವೂ ಮೊದಲ ಹಂತದಲ್ಲೇ ನಿಂತವು. ಶುರು ಮಾಡುವುದು, ಬಿಟ್ಟು ಎದ್ದು ಹೋಗುವುದು. ಈ ಚಾಳಿ ಯಾರದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇದು ಲಿಫ್ಟಿನವನ ಕಾರ್ಡು. ಹಾಗಾದರೆ ಅವಳದು ಇಷ್ಟು ವರ್ಷವೂ ಅವನ ಹತ್ತಿರವೇ ಇತ್ತು.

ಅವನ ಸಾಮಾನನ್ನು ಡಬ್ಬಕ್ಕೆ ತುಂಬಿ ಬಾಗಿಲ ಹೊರಗಿಟ್ಟವಳು ತಾನೇ, ಸಿಟ್ಟಿನಲ್ಲಿ ಕಾರ್ಡು ಅದಲುಬದಲಾದದ್ದು ತನ್ನ ಕೈಯಿಂದಲೇ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

“ಕಳ್ಳ. ನನ್ನ ತೋಟ ಇಟ್ಕೊಂಡಿದಾನೆ,” ಅಂದಳು.

ಅಕ್ಕ ಪುಸ್ತಕದಿಂದ ತಲೆ ಎತ್ತಿ, ಆರು ವರ್ಷ ಆದ ಮೇಲೆ ಈಗ ನೆನಪಾಯಿತಾ ಎಂದು ಕೇಳಿದಳು. ಕಾರು ತೆಗೆ ಎಂಬ ಉತ್ತರ ಬಂತು. ಅಕ್ಕ ನಿಟ್ಟುಸಿರು ಬಿಟ್ಟು ಕೀ ಹುಡುಕಿದಳು. ಈ ತಂಗಿಯ ಜೊತೆ ವಾದ ಮಾಡುವುದಕ್ಕಿಂತ ಕಾರು ಓಡಿಸುವುದೇ ಸುಲಭ ಎಂದು ಅವಳಿಗೆ ಅನುಭವದಿಂದ ಗೊತ್ತಿತ್ತು.

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಲಿಫ್ಟ್ ರಿಪೇರಿ ಮಾಡುವವನು ಇದ್ದ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಮೂರನೇ ಮಹಡಿ. ಅಕ್ಕ ಬೇಡವೆಂದರೂ ಕೇಳದೆ ಅವಳು ಊರುಗೋಲು ಊರಿಕೊಂಡು ಒಬ್ಬಳೇ ಹತ್ತಿದಳು. ಹತ್ತು ನಿಮಿಷದಲ್ಲಿ ಬರುತ್ತೇನೆ, ಕೆಳಗೆ ಕಾರಿನಲ್ಲೇ ಇರು ಎಂದಿದ್ದಳು. ಒಂದೊಂದು ಮೆಟ್ಟಿಲಿಗೂ ಅವನಿಗೊಂದು ಬೈಗುಳ ಜೋಡಿಸಿಕೊಂಡಳು. ಬಾಗಿಲು ಮುಟ್ಟುವಾಗ ಉಸಿರು ಮೇಲಕ್ಕೆ ಬಂದು, ಜೋಡಿಸಿದ್ದರಲ್ಲಿ ಅರ್ಧ ಮರೆತೇ ಹೋಗಿತ್ತು.

ಬಾಗಿಲು ತೆರೆದವನು ಅವಳನ್ನು ನೋಡಿದ, ಪ್ಲಾಸ್ಟರನ್ನು ನೋಡಿದ, ಹಿಂದಿದ್ದ ಮೆಟ್ಟಿಲುಗಳನ್ನು ನೋಡಿದ.

“ಡಾಕ್ಟ್ರೇ,” ಅಂದ, “ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ.”

ಹಲ್ಲು ಮಾಡುವವಳನ್ನು ಡಾಕ್ಟ್ರೇ ಎಂದು ಕರೆಯುವುದು ಅವನ ಹಳೆಯ ತಮಾಷೆ. ಆಗಲೂ ಅವಳಿಗೆ ಮೈ ಉರಿಯುತ್ತಿತ್ತು. ಈಗ ಉರಿದದ್ದರ ಜೊತೆಗೆ ಮತ್ತೇನೋ ಆಯಿತು. ಅವನ ಎಡಗಡೆಯ ಕೋರೆಹಲ್ಲು ಸ್ವಲ್ಪ ಓರೆ, ನಗುವಾಗ ತುಟಿಯ ಮೇಲೆ ಒತ್ತುತ್ತದೆ. ಸಾವಿರ ಬಾಯಿಗಳ ಅಚ್ಚು ನೋಡಿದ್ದಾಳೆ. ಆ ಒಂದು ಹಲ್ಲನ್ನು ಮಾತ್ರ ಕಣ್ಣು ಮುಚ್ಚಿ ಮಾಡಬಲ್ಲಳು. ಅದು ಇನ್ನೂ ಅಲ್ಲೇ, ಅಷ್ಟೇ ಓರೆಯಾಗಿತ್ತು. ಇದಕ್ಕೂ ಅವಳಿಗೆ ಸಿಟ್ಟು ಬಂತು.

“ನನ್ನ ಕಾರ್ಡ್ ಕೊಡು.”

ಅವನು ಪಕ್ಕಕ್ಕೆ ಸರಿದ. ಒಂದೇ ಕೋಣೆಯ ಮನೆ. ಮೂಲೆಯಲ್ಲಿ ಉಪಕರಣದ ಚೀಲ, ಕುರ್ಚಿಯ ಮೇಲೆ ಎಣ್ಣೆ ಕಲೆಯ ಯೂನಿಫಾರ್ಮು. ಅಂದು ಭಾನುವಾರ, ಗೋಡೆಗೆ ಒರಗಿಸಿದ ಟಿವಿ ಓಡುತ್ತಿತ್ತು. ಅದರಲ್ಲಿ ಅವಳ ತೋಟ ಇತ್ತು. ನೀರಿನ ಕ್ಯಾನ್ ಹಿಡಿದ ಪುಟ್ಟ ಬೊಂಬೆ ಟೊಮೆಟೊ ಸಾಲಿನ ನಡುವೆ ನಿಂತು ಕಣ್ಣು ಪಿಳುಕಿಸುತ್ತಿತ್ತು.

ಹಾಗಾದರೆ ಆರು ವರ್ಷದಿಂದ ಇವನು ಒಬ್ಬನೇ ಆಡಿಕೊಂಡು ಬಂದಿದ್ದಾನೆ. ಸೇಬು ಹಣ್ಣಾಗಿ, ಉದುರಿ, ಮತ್ತೆ ಹಣ್ಣಾಗಿ ಎಷ್ಟು ಸಲವಾಯಿತೋ. ಅವಳು ಮೊದಲ ಸಲ ನೋಡಬೇಕಾಗಿದ್ದದ್ದನ್ನು ಇವನು ಎಂದೋ ನೋಡಿ ಮುಗಿಸಿದ್ದಾನೆ.

“ಮುಟ್ಟಿದೀಯ,” ಅಂದಳು. “ಒಬ್ರೇ ಸೇವ್ ಮಾಡ್ಬಾರ್ದು ಅಂತ ಒಂದೇ ಒಂದು ಮಾತು ಹೇಳಿದ್ದೆ. ಅದೂ ನಿನ್ನ ಕೈಲಿ ಆಗ್ಲಿಲ್ಲ.”

“ಸೇವ್ ಮಾಡಿಲ್ಲ.”

“ಸುಳ್ಳು.”

“ದಿನಾಂಕ ನೋಡು.”

ಪರದೆಯ ಮೇಲಿನ ಮೂಲೆಯಲ್ಲಿ ಆಟದ ದಿನಾಂಕ ಇತ್ತು. ಮೂರನೇ ವರ್ಷದ ಶರತ್ಕಾಲ. ಅವರಿಬ್ಬರೂ ಕೊನೆಯ ಸಲ ಎದ್ದು ಹೋದ ಅದೇ ದಿನ, ಅದೇ ಬೆಳಿಗ್ಗೆ. ಬೇಲಿಯ ಮೂಲೆಯಲ್ಲಿ ಸೇಬಿನ ಸಸಿ ಹಣ್ಣಿಲ್ಲದೆ ನಿಂತಿತ್ತು.

ಅವಳು ಊರುಗೋಲು ಬಿಟ್ಟು ಮಂಚದ ತುದಿಯಲ್ಲಿ ಕೂತಳು. ಅವನು ನಿಂತೇ ಹೇಳಿದ. ಡಬ್ಬ ಬಿಚ್ಚಿದಾಗ ಈ ಕಾರ್ಡು ಸಿಕ್ಕಿತು, ತೋಟದ ಆಟ ಅವನ ಹತ್ತಿರವೂ ಒಂದಿತ್ತು. ನೀರಿಲ್ಲದೆ ತೋಟ ಒಣಗಿಬಿಡುತ್ತದೇನೋ ಎಂದು ಹೆದರಿ ಮೊದಲ ಭಾನುವಾರ ಹಾಕಿ ನೋಡಿದ. ಎಲ್ಲಕ್ಕೂ ನೀರು ಹಾಕಿದ. ದಿನ ಮುಗಿದಾಗ ಆಟ ಕೇಳಿತು, ಸೇವ್ ಮಾಡಲೇ ಎಂದು. ಬೇಡ ಎಂದು ಒತ್ತಿ ಆಫ್ ಮಾಡಿದ. ಮುಂದಿನ ಭಾನುವಾರ ಹಾಕಿದರೆ ಮತ್ತೆ ಅದೇ ಬೆಳಿಗ್ಗೆ, ಒಣ ಮಣ್ಣು. ಮತ್ತೆ ನೀರು ಹಾಕಿದ.

“ಆಟ ಆಫ್ ಮಾಡಿದ್ರೆ ಅಲ್ಲಿ ಏನೂ ಒಣಗಲ್ಲ ಕಣೋ, ಪೆದ್ದ. ಅಲ್ಲಿ ಕಾಲವೇ ನಿಂತಿರುತ್ತೆ.”

“ಸ್ವಲ್ಪ ದಿನಕ್ಕೇ ಗೊತ್ತಾಯ್ತು. ಅಷ್ಟ್ರಲ್ಲಿ ಅಭ್ಯಾಸ ಆಗೋಗಿತ್ತು.” ಅವನು ತಲೆ ಕೆರೆದುಕೊಂಡ. “ಸೇವ್ ಮಾಡ್ಬಾರ್ದು ಅಂತ ನೀನು ಹೇಳಿದ್ದೆ. ನೀರು ಹಾಕ್ಬಾರ್ದು ಅಂತ ಹೇಳಿರ್ಲಿಲ್ಲ.”

“ಆ ಸೇಬಿಗೂ ಹಾಕ್ತಿದ್ಯಾ?”

“ಹೂಂ.”

“ಈ ಆಟದಲ್ಲಿ ಮರಕ್ಕೆ ನೀರೇ ಬೇಡ.”

“ನಂಗೇನು ಗೊತ್ತು,” ಅಂದ ಲಿಫ್ಟಿನವನು.

ನಗು ಗಂಟಲವರೆಗೆ ಬಂತು. ಅದನ್ನು ತಡೆಯಲು ಹೋದಾಗ ಹಿಂದಿನಿಂದ ಅಳು ನುಗ್ಗಿತು, ಎರಡನ್ನೂ ತಳ್ಳಿ ಮುಂದೆ ಬಂದದ್ದು ಮಾತ್ರ ಸಿಟ್ಟು. ಆರು ವರ್ಷದ ಸಿಟ್ಟು, ಬಡ್ಡಿಯ ಸಮೇತ.

“ಗಿಡಕ್ಕೆ ನೀರು ಹಾಕೋಕೆ ಪ್ರತಿ ಭಾನುವಾರ ಟೈಮ್ ಇತ್ತು. ನಂಗೊಂದು ಫೋನ್ ಮಾಡೋಕೆ ಇರ್ಲಿಲ್ಲ, ಅಲ್ವಾ? ಆ ಗಿಡ ಒಣಗ್ತಿರ್ಲಿಲ್ಲ ಕಣೋ. ಒಣಗಿದ್ದು ನಾನು.”

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ. ಆ ಭಾನುವಾರ ಅವನು ಬಾರದೆ ಇದ್ದದ್ದಕ್ಕೆ ಅವಳಿಗೆ ಈಗ ದೂರಿಲ್ಲ. ವಯಸ್ಸಾದ ಗಂಡ ಹೆಂಡತಿ ಎರಡು ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು, ಅವರನ್ನು ಬಿಟ್ಟು ಬರಲು ಆಗುತ್ತಿರಲಿಲ್ಲ ಎಂದು ಅವನು ರಾತ್ರಿ ಕಳಿಸಿದ್ದ ಮೆಸೇಜನ್ನು ಅವಳು ಓದಿದ್ದಳು. ಓದಿಯೂ ಡಬ್ಬ ಕಟ್ಟಿದ್ದಳು. ಬೆಳಿಗ್ಗೆ ಅವನ ಹೆಜ್ಜೆಯ ಸದ್ದು ಕೇಳಿ ಬಾಗಿಲ ಹಿಂದೆ ಬಂದು ನಿಂತಿದ್ದಳು. ಬೆಲ್ ಆಗುತ್ತದೆ, ಒಂದಿಷ್ಟು ಬೈಯುತ್ತೇನೆ, ಆಮೇಲೆ ಒಳಗೆ ಕರೆಯುತ್ತೇನೆ ಎಂದುಕೊಂಡಿದ್ದಳು. ಬೆಲ್ ಆಗಲೇ ಇಲ್ಲ.

“ದಿನಾ ಬಟನ್ ಒತ್ತೋದೇ ನಿನ್ನ ಕೆಲಸ. ಅವತ್ತು ಒಂದು ಬೆಲ್ ಒತ್ತೋಕೆ ಏನಾಗಿತ್ತು?”

“ಡಬ್ಬದ ಮೇಲೆ ‘ತಗೊಂಡು ಹೋಗು’ ಅಂತ ನೀನೇ ಬರೆದಿದ್ದೆ,” ಅಂದ ಅವನು ಮೆಲ್ಲಗೆ. “ತಗೊಂಡು ಹೋದೆ.”

“ಬರೆದಿದ್ನೆಲ್ಲ ಹಾಗೇ ಮಾಡ್ತೀಯಾ?”

“ನನ್ನ ಕೆಲಸ ಹಂಗೆ. ಬೋರ್ಡ್ ಮೇಲೆ ನಿಲ್ಲಿಸು ಅಂತ ಇದ್ರೆ ನಿಲ್ಲಿಸ್ಬೇಕು. ನಂಗೆ ಹಿಂಗನ್ಸುತ್ತೆ ಅಂತ ಸ್ವಂತ ಬುದ್ಧಿ ಓಡಿಸಿದ್ರೆ ಒಳಗಿರೋರ ಜೀವ ಹೋಗುತ್ತೆ.”

“ನಾನೇನು ಲಿಫ್ಟಾ?”

ಕೆಳಗಿನಿಂದ ಅಕ್ಕನ ಹಾರ್ನ್ ಕೇಳಿತು. ಹತ್ತು ನಿಮಿಷ ಮುಗಿದು ಬಹಳ ಹೊತ್ತಾಗಿತ್ತು. ಅವನು ಬಗ್ಗಿ ಟಿವಿ ಪಕ್ಕದ ಮೆಷಿನ್ನಿನ ಮೇಲೆ ಕೈ ಇಟ್ಟ. ಆಫ್ ಮಾಡಿ ಕಾರ್ಡ್ ತೆಗೆಯಬೇಕು. ಕೈ ಅಲ್ಲೇ ನಿಂತಿತು.

“ತಗೊಂಡು ಹೋಗಿ ಏನ್ಮಾಡ್ತೀಯ?”

“ಆಡಿ ಮುಗಿಸ್ತೀನಿ. ಎಲ್ಲಾ ಹಳೇ ಆಟ ಮುಗಿಸ್ತಾ ಇದೀನಿ. ಇದೊಂದೇ ಬಾಕಿ.”

“ಒಬ್ಳೇನಾ?”

ನಿಯಮ ಹಾಕಿದವಳು ಅವಳು. ಇಲ್ಲಿಯವರೆಗೆ ಮೂರು ಮಹಡಿ ಹತ್ತಿ ಬಂದದ್ದು ಅದನ್ನು ಮುರಿಯುವುದಕ್ಕೇ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎಂದು ಅಮ್ಮ ಅವಳಿಗೆ ಚಿಕ್ಕಂದಿನಿಂದ ಹೇಳುತ್ತ ಬಂದಿದ್ದಳು. ಅವಳು ಅಮ್ಮನ ಮಾತನ್ನು ಎಂದೂ ಕೇಳಿದವಳಲ್ಲ.

“ನೀನು ಹೇಳು,” ಅಂದಳು. “ಯಾವ ಬೋರ್ಡಲ್ಲೂ ಬರ್ದಿಲ್ಲ. ನಾನೂ ಹೇಳ್ಕೊಡಲ್ಲ. ಒಂದ್ಸಲ ನಿನ್ನ ಸ್ವಂತ ಬುದ್ಧಿಯಿಂದ ಹೇಳು.”

ಅವನು ಮೆಷಿನ್ನಿನ ಮೇಲಿಂದ ಕೈ ತೆಗೆದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ದೊಡ್ಡ ದೊಡ್ಡ ಕಟ್ಟಡಗಳ ಬಾವಿಯಂಥ ಕತ್ತಲಲ್ಲಿ ಹಗ್ಗ ಹಿಡಿದು ನೇತಾಡುವ ಮನುಷ್ಯನಿಗೆ ಬಾಯಿ ಒಣಗಿತ್ತು.

“ಹೋಗ್ಬೇಡ,” ಅಂದ. “ಅವತ್ತೂ ಹೋಗೋಕೆ ಇಷ್ಟ ಇರ್ಲಿಲ್ಲ. ಡಬ್ಬ ಎತ್ಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ, ನೀನು ಬಾಗಿಲು ತೆಗೀತೀಯೇನೋ ಅಂತ. ಪ್ರತಿ ಭಾನುವಾರ ಆಟ ಹಾಕಿದಾಗ್ಲೂ ಪಕ್ಕದಲ್ಲಿ ಜಾಗ ಬಿಟ್ಟೇ ಕೂರ್ತಿದ್ದೆ. ನಂಗೆ ನೀನು ಬೇಕು. ಬೈದ್ರೂ ಪರ್ವಾಗಿಲ್ಲ.”

ಬಾಗಿಲಿನ ಒಂದು ಕಡೆ ಅವಳು, ಇನ್ನೊಂದು ಕಡೆ ಅವನು. ಆ ಬೆಳಿಗ್ಗೆಯನ್ನು ಅವಳು ಈವರೆಗೆ ತನ್ನ ಕಡೆಯಿಂದ ಮಾತ್ರ ನೋಡಿದ್ದಳು. ಕಣ್ಣು ತುಂಬಿ ಪರದೆಯ ತೋಟವೆಲ್ಲ ಕಲಸಿಹೋಯಿತು.

“ಕೂತ್ಕೋ,” ಅಂದಳು ಒರಟಾಗಿ, ಮಂಚದ ಮೇಲೆ ಸ್ವಲ್ಪ ಸರಿದು. “ಕಾಲು ತಾಗಿಸ್ಬೇಡ. ನೋವಾಗುತ್ತೆ.”

ಟೊಮೆಟೊಗೆ ಅವನು ನೀರು ಹಾಕಿದ. ಸೇಬಿನ ಹತ್ತಿರ ಹೋದಾಗ ಅವಳು ಅವನ ಕೈ ಮೇಲೊಂದು ಹೊಡೆದಳು. ದಿನ ಮುಗಿಯಿತು. ಸೇವ್ ಮಾಡಲೇ ಎಂದು ಆಟ ಕೇಳಿತು. ಅಭ್ಯಾಸ ಬಲದಿಂದ ಅವನ ಹೆಬ್ಬೆರಳು ‘ಬೇಡ’ ಎಂಬುದರ ಕಡೆಗೆ ಹೋಗಿ, ಅಲ್ಲೇ ನಿಂತಿತು. ಅವನು ಅವಳ ಮುಖ ನೋಡಿದ.

“ನನ್ನನ್ನೇನು ನೋಡ್ತೀಯ? ಒತ್ತು.”

ಅವನು ‘ಹೌದು’ ಒತ್ತಿದ. ಆರು ವರ್ಷದಿಂದ ನಿಂತಿದ್ದ ತೋಟದಲ್ಲಿ ಮರುದಿನ ಬೆಳಗಾಯಿತು.

ಒಂದೊಂದು ದಿನ ಮುಗಿಸುವಾಗಲೂ ಅವಳು ಒಂದೊಂದು ವಿಷಯ ತೆಗೆದು ಬೈದಳು: ಒಬ್ಬಳೇ ಕಳೆದ ಹುಟ್ಟುಹಬ್ಬ, ಅವನು ಎತ್ತದೆ ಬಿಟ್ಟ ಅಕ್ಕನ ಫೋನು, ಈ ಹಾಳು ಮೆಟ್ಟಿಲು. ಅವನು ಎಲ್ಲಕ್ಕೂ ಹೂಂಗುಟ್ಟುತ್ತ ನೀರು ಹಾಕಿದ. ಕಿಟಕಿಯ ಬಿಸಿಲು ಮಂಚದಿಂದ ಇಳಿದು ಬಾಗಿಲ ಕಡೆಗೆ ಸರಿಯಿತು. ವಾರದ ಕೊನೆಯ ಬೆಳಿಗ್ಗೆ ಪುಟ್ಟ ಬೊಂಬೆ ಮನೆಯಿಂದ ಹೊರಗೆ ಬಂದಾಗ ಮರದ ತುಂಬ ಕೆಂಪು ಚುಕ್ಕೆಗಳಿದ್ದವು. ಚುಕ್ಕೆಗಳೇ, ಅಷ್ಟೇ. ಅವಳ ಕೈ ತಾನಾಗಿ ಹೋಗಿ ಅವನ ಕೈ ಹಿಡಿದುಕೊಂಡಿತು.

ಫೋನ್ ಬಡಿದುಕೊಂಡಿತು. ಅಕ್ಕ. ಒಂದು ಕಾರ್ಡ್ ತರಲು ಇಷ್ಟು ಹೊತ್ತಾ, ಮೇಲೆ ಬರಲಾ, ಅಮ್ಮ ಮೂರು ಸಲ ಫೋನ್ ಮಾಡಿದಳು ಎಂದು ಒಂದೇ ಉಸಿರಿಗೆ ಕೇಳಿದಳು.

“ನೀನು ಮನೆಗೆ ಹೋಗಕ್ಕ. ಅಮ್ಮಂಗೆ ಹೇಳ್ಬಿಡು.”

“ಏನಂತ ಹೇಳ್ಲಿ?”

ಅವಳು ಪಕ್ಕಕ್ಕೆ ನೋಡಿದಳು. ಓರೆ ಹಲ್ಲು ತುಟಿಯ ಮೇಲೆ ಒತ್ತಿ ನಿಂತಿತ್ತು.

“ಆರು ವರ್ಷದ ಹಿಂದೆ ಬರ್ಬೇಕಿದ್ದೋನು ರಾತ್ರಿ ಊಟಕ್ಕೆ ಬರ್ತಾನೆ ಅಂತ ಹೇಳು,” ಅಂದಳು. “ಸ್ವಲ್ಪ ತಡ ಆಗುತ್ತೆ. ನಾನಿನ್ನೂ ಬೈದು ಮುಗಿಸಿಲ್ಲ.”