ಕುಣಿಗಲ್ ಮಳೆಯ ಸಾಕ್ಷಿ

ಷಡಕ್ಷರಿ ಶಾಮಿಯಾನ ಕಟ್ಟಿದರೆ ಮಳೆ ಗ್ಯಾರಂಟಿ. ಈ ಮಾತನ್ನು ಹುಟ್ಟಿಸಿದವನು ಗುಬ್ಬಿಯ ಸೋಮಶೇಖರ್. ಒಂದು ಕಾಲಕ್ಕೆ ಇಬ್ಬರೂ ಪಾಲುದಾರರು. ಜಗಳವಾಡಿಕೊಂಡು ಬೇರೆಯಾದ ಮೇಲೆ ಸೋಮಶೇಖರ್ ಗುಬ್ಬಿಯಲ್ಲಿ, ಷಡಕ್ಷರಿ ತುಮಕೂರಿನ ಶಿರಾ ಗೇಟಿನಲ್ಲಿ ಅಂಗಡಿ ಇಟ್ಟರು. ಷಡಕ್ಷರಿಯ ಶಾಮಿಯಾನದಡಿ ಎರಡು ಮದುವೆ ನೆನೆದದ್ದು ನಿಜ. ಅಷ್ಟಕ್ಕೇ ಆ ಬಾಯಿಬಡುಕ ಹೋದಹೋದಲ್ಲೆಲ್ಲ, "ಮಳೆ ಬರ್ಲಿಲ್ಲ ಅಂತ ಕತ್ತೆ ಮದ್ವೆ ಯಾಕ್ರಪ್ಪ ಮಾಡ್ತೀರಾ? ಷಡಕ್ಷರಿ ಕೈಲಿ ಒಂದ್ ಶಾಮಿಯಾನ ಕಟ್ಸಿ, ಸಾಕು" ಎಂದು ನಗಿಸಿಕೊಂಡು ತಿರುಗಿದ. ನಕ್ಕವರೇ ಮನೆಯಲ್ಲಿ ಮದುವೆ ಗೊತ್ತಾದಾಗ ನೆಟ್ಟಗೆ ಗುಬ್ಬಿಗೆ ಹೋದರು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಅನ್ನುತ್ತಾರೆ. ಆ ಗಾದೆ ಕಟ್ಟಿದವನು ಶಾಮಿಯಾನ ಕಟ್ಟಿರಲಿಲ್ಲ.

ಹಟಕ್ಕೆ ಬಿದ್ದ ಷಡಕ್ಷರಿ ಮಳೆಯ ಗುಟ್ಟನ್ನೇ ಕಲಿಯಲು ಹೊರಟ. 2005ರಲ್ಲಿ ಅವನ ಅಂಗಡಿಯ ಎದುರಿಗೇ ಸೈಬರ್ ಕೆಫೆ ಬಂತು. ಹವಾಮಾನದ ನಕ್ಷೆ, ಉಪಗ್ರಹದ ಚಿತ್ರ ಎಲ್ಲ ಅಲ್ಲಿ ಸಿಕ್ಕವು. ಮೊದಮೊದಲು ಒಲೆಯ ಬೂದಿ ಚೆಲ್ಲಿದ ಹಾಗೆ ಕಂಡದ್ದು ಬರಬರುತ್ತ ಅರ್ಥವಾಯಿತು. ಅಚ್ಚ ಬಿಳಿ ಇದ್ದಲ್ಲಿ ಎತ್ತರದ ಮೋಡ. ಅದು ಬೆಳೆಯುತ್ತಿದ್ದರೆ ಕೆಳಗೆ ಮಳೆ. ಮೂಲೆಯಲ್ಲಿರುವುದು ಗ್ರೀನಿಚ್ ಗಂಟೆ, ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು ಎಂದು ತಿಳಿಯುವುದಕ್ಕೇ ಹದಿನೈದು ದಿನ ಹಿಡಿಯಿತು. ಆಮೇಲೆ ಮಳೆ ಬರುವ ದಿನ ಯಾರು ಕರೆದರೂ ಅವನು ಒಪ್ಪಲಿಲ್ಲ. ಸೋಮಶೇಖರ್ ಅದಕ್ಕೂ ಬಾಲ ಕಟ್ಟಿದ: "ನೋಡ್ರಪ್ಪ, ಅವ್ನ ಕೈಗುಣದ್ ಮೇಲೆ ಅವ್ನಿಗೇ ನಂಬ್ಕೆ ಇಲ್ಲ!"

ಇವನು ಬದುಕಿರಬಾರದು ಎಂದು ಷಡಕ್ಷರಿ ತೀರ್ಮಾನಿಸಿದ್ದು ಅವತ್ತೇ.

ಮಾಡುವುದು ಸುಲಭವಿತ್ತು. ಆಳುಗಳು ಮದುವೆ ಮನೆಗಳಿಗೆ ಹೋದ ಮೇಲೆ, ಮಧ್ಯಾಹ್ನ ಮೂರರಿಂದ ಐದರವರೆಗೆ ಸೋಮಶೇಖರ್ ಊರಾಚೆಯ ಗೋಡೌನಿನಲ್ಲಿ ಶಾಮಿಯಾನದ ಬಟ್ಟೆಯ ರಾಶಿಯ ಮೇಲೆ ಮಲಗುತ್ತಿದ್ದ. ಹೊರಗಿನಿಂದ ಚಿಲಕ, ಬಾಗಿಲ ಕೆಳಗಿನಿಂದ ಒಂದು ಕ್ಯಾನ್ ಸೀಮೆಎಣ್ಣೆ, ಒಂದು ಕಡ್ಡಿ. ಆದರೆ ಈ ಹಗೆ ಊರಿಗೆಲ್ಲ ಗೊತ್ತು. ಪೊಲೀಸರು ಮೊದಲು ಬರುವುದು ತನ್ನ ಮನೆಗೇ. ಮನುಷ್ಯರನ್ನು ಸಾಕ್ಷಿಗೆ ಕೊಂಡರೆ ಕುಡಿದಾಗ ಬಾಯಿ ಬಿಡುತ್ತಾರೆ. ಮಳೆ ಹಾಗಲ್ಲ. ಎಲ್ಲೋ ಇಂಥ ಹೊತ್ತಿಗೆ ಮಳೆ ಹೊಯ್ಯಿತು ಎಂದು ಅಲ್ಲಿ ನೆನೆದವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ತುಮಕೂರಿನ ಪೊಲೀಸರಿಗೆ ಉಪಗ್ರಹವೂ ಒಂದೇ, ಗಾಳಿಪಟವೂ ಒಂದೇ.

ಏಪ್ರಿಲಿನಲ್ಲಿ ಮೂರು ಸಲ ಮೋಡ ಮೋಸ ಮಾಡಿತು. ಮೂರು ಸಲವೂ ಅವನು ತಾಳ್ಮೆಯಿಂದ ಕೆಫೆಯಿಂದ ಅಂಗಡಿಗೆ ವಾಪಸಾದ. ನಾಲ್ಕನೆಯ ಸಲ, ಮಧ್ಯಾಹ್ನ ಎರಡರ ಚಿತ್ರದಲ್ಲಿ, ಗುಬ್ಬಿಯ ಮೇಲೆ ಆಕಾಶ ಖಾಲಿ. ಕುಣಿಗಲ್ಲಿನ ಮೇಲೆ ಬಿಳಿ ಚುಕ್ಕೆಗಳು ಉಬ್ಬುತ್ತಿದ್ದವು. ಹೆಂಡತಿ ರೇವಮ್ಮನಿಗೆ, "ಕುಣಿಗಲ್‌ಗೆ ಹೋಗ್ಬರ್ತೀನಿ ಕಣೇ, ಒಂದ್ ಮದ್ವೆ ಜಾಗ ನೋಡ್ಬೇಕು" ಎಂದು ಹೇಳಿ ಮೊಪೆಡ್ ಹತ್ತಿದವನು ಗುಬ್ಬಿಗೆ ಹೋದ.

ಮೂರೂವರೆಗೆ ಚಿಲಕ ಹಾಕಿದ. ಒಳಗೆ ಗೊರಕೆ ಕೇಳಿಸುತ್ತಿತ್ತು. ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ನಗೋ ಮಗನೇ, ಈಗ ನಗು ಅಂದುಕೊಂಡ.

ಐದೂವರೆಗೆ ಮರಳೂರಿನಲ್ಲಿ, ತನ್ನ ಗುರುತಿನವರಿಲ್ಲದ ಒಂದು ಸೈಬರ್ ಕೆಫೆಯಲ್ಲಿ ಕೂತು ಮಧ್ಯಾಹ್ನದಿಂದೀಚಿನ ಚಿತ್ರಗಳನ್ನೆಲ್ಲ ತೆಗೆದ. ಕುಣಿಗಲ್ ಮೇಲೆ ಅಚ್ಚ ಬಿಳಿ. ಮೂರೂವರೆಯಿಂದ ನಾಲ್ಕೂವರೆ, ಒಂದು ಗಂಟೆ ಭಾರಿ ಮಳೆ. ಕುಣಿಗಲ್ಲಿಗೆ ಫೋನು ಮಾಡಿ ಖಾತ್ರಿ ಮಾಡಿಕೊಳ್ಳೋಣವೆನಿಸಿತು. ಫೋನಿಗೆ ಲೆಕ್ಕ ಉಳಿಯುತ್ತದೆ ಎಂದು ಬಿಟ್ಟ. ಹೆಬ್ಬೂರು ದಾರಿಯ ತೋಟದ ತೊಟ್ಟಿಯಲ್ಲಿ ಬಟ್ಟೆ ಸಮೇತ ಮುಳುಗೆದ್ದು, ಚಕ್ರಕ್ಕೆ ಕೆಸರು ಮೆತ್ತಿ ಮನೆಗೆ ಬಂದ. "ಅಯ್ಯೋ, ಹಿಂಗ್ ನೆಂದ್ಬಿಟ್ಟಿದೀರಲ್ರೀ!" ಎಂದು ರೇವಮ್ಮ ಓಣಿಗೆಲ್ಲ ಕೇಳುವಂತೆ ಕೂಗಿದಳು. ಅವನಿಗೆ ಬೇಕಾಗಿದ್ದದ್ದೂ ಅದೇ.

ಬೆಳಿಗ್ಗೆ ಆರಕ್ಕೆ, ಪೇಪರಿನವನಿಗಿಂತ ಮುಂಚೆ, ಸಬ್ ಇನ್ಸ್‌ಪೆಕ್ಟರ್ ಲಕ್ಷ್ಮೀನರಸಿಂಹಯ್ಯ ಒಬ್ಬ ಕಾನ್ಸ್‌ಟೇಬಲ್ ಜೊತೆ ಬಂದ. ಸೋಮಶೇಖರ್ ಸುಟ್ಟು ಸತ್ತ ಸುದ್ದಿ ಕೇಳಿ ಷಡಕ್ಷರಿ ತಕ್ಕಷ್ಟು ಹೊತ್ತು ಬಾಯಿ ತೆರೆದುಕೊಂಡು ನಿಂತ.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಕುಣಿಗಲ್ನಲ್ಲಿ ಸಾರ್. ಮೂರೂವರೆಗೆ ಹಿಡ್ಕಂತು ನೋಡಿ ಮಳೆ, ಬಿಟ್ಟಿದ್ದು ನಾಲ್ಕೂವರೆಗೆ. ಅಷ್ಟೊತ್ತೂ ಕೆರೆ ಏರಿ ಮೇಲೆ ಅತ್ತಿಮರದ ಕೆಳಗೇ ನಿಂತಿದ್ದೆ. ಬೇಕಾದ್ರೆ ನನ್ ಹೆಂಡ್ತಿನ ಕೇಳಿ, ಹೆಂಗ್ ನೆಂದಿದ್ದೆ ಅಂತ."

"ಆಲಿಕಲ್ಲು ಬಿತ್ತೇನ್ರೀ?"

ಷಡಕ್ಷರಿಗೆ ಒಳಗೊಳಗೇ ನಗು ಬಂತು. ಹೂಂ ಅನ್ನಿಸಿ, ಸುಳ್ಳುಗಾರ ಎಂದು ಹಿಡಿಯುವ ಹೂಟ! ಚಿತ್ರದಲ್ಲಿ ಮೋಡವಿತ್ತು, ಮಳೆಯಿತ್ತು. ಇಲ್ಲದ್ದನ್ನು ಸೇರಿಸಿ ಕೆಡುವ ದಡ್ಡ ತಾನಲ್ಲ.

"ಇಲ್ಲ ಸಾರ್. ಆಗ್ದಿದ್ದನ್ನ ಯಾಕ್ ಹೇಳ್ಲಿ? ಬರೀ ಮಳೆ. ಒಂದ್ ಕಲ್ಲೂ ಬೀಳ್ಲಿಲ್ಲ."

ಲಕ್ಷ್ಮೀನರಸಿಂಹಯ್ಯ ಅದನ್ನು ಬರೆದುಕೊಂಡು, ಕೆಳಗೆ ರುಜು ಹಾಕಿಸಿಕೊಂಡ. ಆಮೇಲೆ ಹಿಂದೆ ತಿರುಗಿ, "ಬೆಟ್ಟಸ್ವಾಮಿ, ನಿಮ್ಮೂರು ಕುಣಿಗಲ್ಲೇ ಅಲ್ವೇನಯ್ಯ?" ಎಂದ. ಕಾನ್ಸ್‌ಟೇಬಲ್ ಟೋಪಿ ತೆಗೆದ. ನೆತ್ತಿಯ ಮೇಲೆ ಅಂಗೈ ಅಗಲದ ಹೊಸ ಪಟ್ಟಿ ಇತ್ತು. "ಹೂಂ ಸಾ. ನಿನ್ನೆ ರಜ ಅಂತ ಊರ್ನಾಗೇ ಇದ್ದೆ. ಒಂದೊಂದೂ ನಿಂಬೆಹಣ್ಣಿನ್ ಗಾತ್ರ ಸಾ, ಕಾಲ್ ಗಂಟೆ ಸುರಿದ್ವು. ಕೆರೆ ಏರಿ ಮ್ಯಾಲೆ ಯಾವ್ ಮರದಾಗೂ ಒಂದ್ ಎಲೆ ಉಳಿದಿಲ್ಲ."